ಬಸವನಗುಡಿ ನೋಡಬೇಕಾ? ಬುಧವಾರ ಬನ್ನಿ, ಕಾರು ಬಿಟ್ಟು ಬನ್ನಿ

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಧಾರವಾಡದಿಂದ ನಮ್ಮ ದೊಡ್ಡಮ್ಮನ ಮಗ, ಅತ್ತಿಗೆ, ಅವರ ಇಬ್ಬರು ಮಕ್ಕಳು ಬಂದಿದ್ದರು. ನಾನು ಬೆಂಗಳೂರಿನ ಎನ್.ಆರ್. ಕಾಲೋನಿಯಲ್ಲಿ ಇಪ್ಪತ್ತು ವರ್ಷದಿಂದ ಇರುವವನು, ಬಸವನಗುಡಿ ತೋರಿಸುವುದೇನು ದೊಡ್ಡ ವಿಷಯ ಅಂದುಕೊಂಡು ಭಾನುವಾರ ಬೆಳಿಗ್ಗೆ 11 ಗಂಟೆಗೆ ಎಲ್ಲರನ್ನೂ ಕಾರಿಗೆ ತುಂಬಿಕೊಂಡು ಹೊರಟೆ. ಕಾರು ನಿಲ್ಲಿಸಲು ಜಾಗ ಹುಡುಕಿದ್ದೇ 40 ನಿಮಿಷ. ಇಡ್ಲಿ ತಿನ್ನಿಸೋಣ ಅಂತ ಹೋದರೆ ಅಂಗಡಿಗೆ ಭಾನುವಾರ ರಜೆ. ದೋಸೆಗೆ ಹೋದರೆ ಫುಟ್‌ಪಾತ್ ತುಂಬಾ ಜನ. ಗವಿ ಗಂಗಾಧರೇಶ್ವರನ ಗುಡಿಗೆ ಹೋಗುವಷ್ಟರಲ್ಲಿ ಬಾಗಿಲು ಹಾಕಿದ್ದರು. ವಾಪಸ್ ಬರುವಾಗ ಅತ್ತಿಗೆ ಹಿಂದಿನ ಸೀಟಿನಿಂದ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಏನ್ ನೋಡಿದ್ರಿ ಅಂತ ಯಾರರ ಕೇಳಿದ್ರ, ಪಾರ್ಕಿಂಗ್ ನೋಡಿದ್ವಿ ಅಂತ ಹೇಳ್ತೀನಿ ನೋಡಪಾ."

ಆಮೇಲೆ ಅವರು ಇನ್ನೊಂದು ಸಲ ಬಂದರು. ಆ ಸಲ ಸರಿಯಾಗಿ ತೋರಿಸಿದೆ. ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಯಾವ ದಿನ?

ಇದು ಸ್ವಲ್ಪ ಲೆಕ್ಕಾಚಾರದ ವಿಷಯ. ಸೋಮವಾರ ಶಿವನ ವಾರ, ಗವಿಯಲ್ಲಿ ಜನ ಜಾಸ್ತಿ. ಮಂಗಳವಾರ ಗಣಪತಿಗೆ ಬರುವವರು ಹೆಚ್ಚು. ಶುಕ್ರವಾರ ದೋಸೆಯ ಹೋಟೆಲು ವಿದ್ಯಾರ್ಥಿ ಭವನಕ್ಕೆ ರಜೆ. ಶನಿವಾರ ಆಂಜನೇಯನ ವಾರ, ಜೊತೆಗೆ ಊರಿಗೆಲ್ಲ ವೀಕೆಂಡು. ಭಾನುವಾರ ಇಡ್ಲಿಯ ಅಂಗಡಿ ಬ್ರಾಹ್ಮಿನ್ಸ್ ಕಾಫಿ ಬಾರ್ ಮುಚ್ಚಿರುತ್ತದೆ. ಉಳಿದದ್ದು ಬುಧವಾರ, ಗುರುವಾರ. ಗುರುವಾರ ರಾಯರ ಮಠಗಳ ಕಡೆ ಜನ ಇರುತ್ತಾರೆ, ಆದರೂ ಪರವಾಗಿಲ್ಲ. ನಾನಂತೂ ಬುಧವಾರಕ್ಕೇ ಓಟು ಹಾಕುತ್ತೇನೆ. ರಜೆ ಸಿಗದೆ ಭಾನುವಾರವೇ ಬರಬೇಕಾದರೆ ಬೆಳಿಗ್ಗೆ 6 ಗಂಟೆಗೆ ಬನ್ನಿ, 10ಕ್ಕೆ ಮುಗಿಸಿ.

ಬೆಳಿಗ್ಗೆಯೇ ಯಾಕೆ ಅಂದರೆ, ಇಲ್ಲಿನ ಗುಡಿಗಳಲ್ಲಿ ಕೆಲವು ಮಧ್ಯಾಹ್ನ ಬಾಗಿಲು ಹಾಕಿದರೆ ಸಂಜೆಯೇ ತೆಗೆಯುವುದು. ಹೋಟೆಲಿನವರೂ ಮಧ್ಯಾಹ್ನ ಒಂದಷ್ಟು ಹೊತ್ತು ಮುಚ್ಚುತ್ತಾರೆ. 12ರಿಂದ 4ರವರೆಗೆ ಬಸವನಗುಡಿ ನಿದ್ದೆ ಮಾಡುತ್ತದೆ ಅಂತಲೇ ಇಟ್ಟುಕೊಳ್ಳಿ.

ಮೆಟ್ರೋದಲ್ಲಿ ಬನ್ನಿ. ಹಸಿರು ಮಾರ್ಗದಲ್ಲಿ ನ್ಯಾಷನಲ್ ಕಾಲೇಜ್ ಸ್ಟೇಷನ್. ಅಲ್ಲಿಂದ ಎಲ್ಲವೂ ನಡೆಯುವ ದೂರ. ಕಾಲಿಗೆ ಸುಲಭವಾಗಿ ಬಿಚ್ಚಿ ಹಾಕುವ ಚಪ್ಪಲಿ ಇರಲಿ. ಲೇಸು ಕಟ್ಟುವ ಶೂ ಹಾಕಿಕೊಂಡು ಬಂದವರು ಮೂರನೇ ಗುಡಿಯ ಹೊತ್ತಿಗೆ "ನಾನು ಹೊರಗೇ ನಿಂತಿರ್ತೀನಿ, ನೀವು ಹೋಗಿ ಬನ್ನಿ" ಅನ್ನಲು ಶುರು ಮಾಡುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಬರುವವರು ಬ್ಯಾಗಿನಲ್ಲಿ ಒಂದು ಜೊತೆ ಕಾಲುಚೀಲ ಇಟ್ಟುಕೊಳ್ಳಿ. ಹತ್ತು ಗಂಟೆಯ ಮೇಲೆ ಕಲ್ಲು ಸುಡುತ್ತದೆ.

ಹೊಟ್ಟೆಗೆ ಹಾಕಿಕೊಂಡೇ ಹೊರಡಿ

ಮೆಟ್ರೋ ಇಳಿದವರು ಮೊದಲು ಶಂಕರಪುರದ ಕಡೆ ನಡೆಯಿರಿ. 15-20 ನಿಮಿಷ. ಶಂಕರಮಠದ ಹತ್ತಿರ, ರಂಗರಾವ್ ರಸ್ತೆಯಲ್ಲಿ ಬ್ರಾಹ್ಮಿನ್ಸ್ ಕಾಫಿ ಬಾರ್ ಇದೆ. 1965ರಿಂದ ಇದೆ. ಕೂರಲು ಕುರ್ಚಿ ಇಲ್ಲ, ನಿಂತೇ ತಿನ್ನಬೇಕು. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಆಮೇಲೆ ಕಾಫಿ, ಟೀ. ಅಷ್ಟೇ. ಸಾಂಬಾರ್ ಕೇಳಬೇಡಿ, ಇಲ್ಲ. ಚಟ್ನಿಯೇ ಇಲ್ಲಿನ ರಾಜ. ತಟ್ಟೆ ಹಿಡಿದುಕೊಂಡು ಮತ್ತೆ ಹೋಗಿ ನಿಂತರೆ ಸೌಟಿನಲ್ಲಿ ಇನ್ನಷ್ಟು ಸುರಿಯುತ್ತಾರೆ. ಮೊದಲ ಸಲ ಬಂದವರು ಇಡ್ಲಿಯನ್ನು ಚಟ್ನಿಯಲ್ಲಿ ಅದ್ದಿ ತಿನ್ನುತ್ತಾರೆ, ದಿನಾ ಬರುವವರ ತಟ್ಟೆಯಲ್ಲಿ ಇಡ್ಲಿ ಪೂರ್ತಿ ಮುಳುಗಿರುತ್ತದೆ. ಹೊಟ್ಟೆ ಬಿರಿಯುವಷ್ಟು ತಿನ್ನಬೇಡಿ. ಒಂದು ಪ್ಲೇಟ್ ಇಡ್ಲಿ, ಒಂದು ಕಾಫಿ ಸಾಕು. ದೋಸೆ ಬಾಕಿ ಇದೆ.

ಇಲ್ಲಿಂದ ನನ್ನ ಒಂದೇ ಸೂತ್ರ: ಬಂಡೆಯ ಬೆನ್ನು ಹತ್ತಿ ಹೋಗಿ. ಬಸವನಗುಡಿಯ ದೇವರುಗಳೆಲ್ಲ ಇಲ್ಲಿನ ಬಂಡೆಯಿಂದಲೇ ಬಂದವರು. ಗವಿ ಬಂಡೆಯೊಳಗೆ ಇದೆ, ಬಸವಣ್ಣ ಒಂದೇ ಬಂಡೆ, ಗಣಪನೂ ಒಂದೇ ಬಂಡೆ, ಅವರ ಪಕ್ಕದ ಪಾರ್ಕೇ ಒಂದು ಬಂಡೆ. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ನಿಂತಿದೆಯಲ್ಲ, ಆ ಗುಡ್ಡದ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು ಅಂತ ಭೂವಿಜ್ಞಾನಿಗಳು ಹೇಳುತ್ತಾರೆ. ಇದೂ ಅದೇ ಜಾತಿಯ ಕಲ್ಲು. ಊರು ಬಂದದ್ದು ಮೊನ್ನೆ ಮೊನ್ನೆ. ಈ ಲೆಕ್ಕ ತಲೆಯಲ್ಲಿಟ್ಟುಕೊಂಡು ನಡೆದರೆ ಒಂದೊಂದು ಗುಡಿಯೂ ಬೇರೆ ಬೇರೆ ಅನ್ನಿಸುವುದಿಲ್ಲ.

ಗವಿ

ಶಂಕರಪುರದಿಂದ ಪಶ್ಚಿಮಕ್ಕೆ, ಗವಿಪುರದ ಕಡೆ ಇಳಿಯಿರಿ. ದಾರಿ ಗೊತ್ತಾಗದಿದ್ದರೆ "ಗವಿ ಗಂಗಾಧರೇಶ್ವರ" ಅನ್ನಿ, ಯಾರಾದರೂ ಕೈ ತೋರಿಸುತ್ತಾರೆ. ಹೊರಗೆ ಅಂಗಳದಲ್ಲಿ ಮೊದಲು ಕಣ್ಣಿಗೆ ಬೀಳುವುದು ಎತ್ತರದ ಏಕಶಿಲಾ ಕಂಬಗಳು. ಎರಡರ ಮೇಲೆ ದೊಡ್ಡ ದುಂಡನೆಯ ಕಲ್ಲಿನ ತಟ್ಟೆಗಳು, ಸೂರ್ಯಪಾನ, ಚಂದ್ರಪಾನ ಅನ್ನುತ್ತಾರೆ. ಇನ್ನೊಂದು ತ್ರಿಶೂಲ, ಮತ್ತೊಂದು ಡಮರು. ಜನ ಸೀದಾ ಒಳಗೆ ಓಡುತ್ತಾರೆ, ನೀವು ಇಲ್ಲಿ ಹತ್ತು ನಿಮಿಷ ನಿಲ್ಲಿ.

ಮಕರ ಸಂಕ್ರಾಂತಿಯ ಸಂಜೆ ಸೂರ್ಯನ ಬೆಳಕು ನಂದಿಯ ಕೊಂಬುಗಳ ನಡುವೆ ಹಾದು ಒಳಗಿನ ಲಿಂಗದ ಮೇಲೆ ಬೀಳುತ್ತದೆ. ಕೆಲವೇ ನಿಮಿಷದ ಆಟ. ಅದನ್ನು ನೋಡಲೇಬೇಕು ಅಂತ ಆ ದಿನವೇ ಬರುವ ಯೋಚನೆ ಇದ್ದರೆ ನನ್ನ ಮಾತು ಕೇಳಿ, ಮನೆಯಲ್ಲಿ ಎಳ್ಳುಬೆಲ್ಲ ತಿನ್ನುತ್ತಾ ಟಿವಿಯಲ್ಲಿ ನೋಡಿ. ಆವತ್ತು ಜನವೋ ಜನ, ನಿಮಗೆ ಕಾಣುವುದು ಮುಂದಿನವರ ತಲೆ ಮಾತ್ರ. ಮಾಮೂಲಿ ದಿನ ಬಂದರೆ ಆ ಬೆಳಕು ಯಾವ ದಾರಿಯಲ್ಲಿ ಒಳಗೆ ಬರಬೇಕು ಅಂತ ನಿಂತು ಲೆಕ್ಕ ಹಾಕಬಹುದು. ನಂದಿಯ ಹಿಂದೆ ನಿಂತು ಪಶ್ಚಿಮಕ್ಕೆ ತಿರುಗಿ ನೋಡಿ, ಗೊತ್ತಾಗುತ್ತದೆ.

ಒಳಗೆ ಹೋಗುವಾಗ ಮೊಬೈಲ್ ಜೇಬಿಗೆ ಹಾಕಿ. ಸುತ್ತು ಬರುವ ಜಾಗದಲ್ಲಿ ಚಾವಣಿ ತೀರಾ ಕೆಳಗೆ ಇದೆ, ಬಗ್ಗಿ ನಡೆಯಬೇಕು. ನಾನು ಐದು ಅಡಿ ಏಳು ಇಂಚು, ನನಗೇ ಎರಡು ಸಲ ತಲೆಗೆ ಬಡಿದಿದೆ. ಕಲ್ಲಿಗೆ ಅಂಗೈ ಇಟ್ಟು ನಡೆಯಿರಿ, ತಂಪಾಗಿ, ಒಂದು ನಮೂನೆ ಜಿಡ್ಡು ಜಿಡ್ಡಾಗಿ ಇರುತ್ತದೆ. ಎಣ್ಣೆ ದೀಪದ ಹೊಗೆ, ಜನರ ಕೈ, ಎಲ್ಲಾ ಸೇರಿ ಬಂಡೆಗೇ ಒಂದು ಚರ್ಮ ಬಂದಂತಿದೆ. ಮಕ್ಕಳು ಜೊತೆಗಿದ್ದರೆ ಅಗ್ನಿಮೂರ್ತಿ ತೋರಿಸಿ, ಕೈಕಾಲು ಎಣಿಸಲು ಹೇಳಿ. ಎರಡು ತಲೆ, ಏಳು ಕೈ, ಮೂರು ಕಾಲು. ಧಾರವಾಡದ ನಮ್ಮ ಪುಟ್ಟ ಮೂರು ಸಲ ಎಣಿಸಿದ, ಮೂರು ಸಲವೂ ಜಗಳ ಆಯಿತು.

ಏರು ಹತ್ತಿ

ಗವಿಯಿಂದ ಪೂರ್ವಕ್ಕೆ ಏರು ರಸ್ತೆ. ಇದೇ ಗವಿಪುರ ಬಡಾವಣೆಯಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆ ಇದ್ದದ್ದು. ಸಂಜೆಯಾದರೆ ಕೋಟು ಹಾಕಿ, ಕೊಡೆ ಹಿಡಿದು ಬಸವನಗುಡಿ ಕ್ಲಬ್ಬಿಗೆ ನಡೆದುಕೊಂಡೇ ಹೋಗುತ್ತಿದ್ದರಂತೆ. ಅವರು ನಡೆದ ಊರನ್ನು ನಾವು ಕಾರಲ್ಲಿ ನೋಡಲು ಹೋಗಿದ್ದು, ನೋಡಿ.

ಮೇಲೆ ಬಂದರೆ ಬುಲ್ ಟೆಂಪಲ್ ರಸ್ತೆ, ರಾಮಕೃಷ್ಣ ಆಶ್ರಮ. ಒಳಗೆ ಹೋದ ತಕ್ಷಣ ರಸ್ತೆಯ ಹಾರ್ನು ಯಾರೋ ಸ್ವಿಚ್ ಆಫ್ ಮಾಡಿದಂತೆ ನಿಲ್ಲುತ್ತದೆ. ಇಲ್ಲೂ ಬಂಡೆ ಇದೆ. 1911ರಲ್ಲಿ ರಾಮಕೃಷ್ಣ ಪರಮಹಂಸರ ಪತ್ನಿ ಶಾರದಾದೇವಿಯವರು ಬೆಂಗಳೂರಿಗೆ ಬಂದಾಗ ಆಶ್ರಮದ ಹಿಂದಿನ ಬಂಡೆಯ ಮೇಲೆ ಕೂತು ಸೂರ್ಯಾಸ್ತ ನೋಡಿದ್ದರು. ಆ ಜಾಗವನ್ನು ಇನ್ನೂ ಕಾಪಾಡಿಕೊಂಡು ಬಂದಿದ್ದಾರೆ. ಮಾತಾಡದೆ ಐದು ನಿಮಿಷ ಕೂತು ಎದ್ದು ಬನ್ನಿ.

ಅಲ್ಲಿಂದ ದಕ್ಷಿಣಕ್ಕೆ ಬುಲ್ ಟೆಂಪಲ್ ರಸ್ತೆಯಲ್ಲೇ ನಡೆದರೆ ಬಲಗಡೆ, ಎಡಗಡೆ ಕಲ್ಯಾಣ ಮಂಟಪ, ಆಸ್ಪತ್ರೆ, ಬ್ಯಾಂಕು. ಇಷ್ಟು ದೂರ ಚಂದ ಏನೂ ಇಲ್ಲ, ಬೇಗ ನಡೆದುಬಿಡಿ.

ಗಣಪ, ಬಸವ, ಕಹಳೆ ಬಂಡೆ

ಮೂರೂ ಅಕ್ಕಪಕ್ಕ. ಕೆಳಗೆ ದೊಡ್ಡ ಗಣಪತಿ, ಹಿಂದೆ ಪಾರ್ಕು, ಮೇಲೆ ಬಸವಣ್ಣ. ಗಣಪ ಸುಮಾರು 18 ಅಡಿ ಎತ್ತರ. ಬೆಣ್ಣೆ ಅಲಂಕಾರ ಇರುವ ದಿನ ಸಿಕ್ಕಿದರೆ ಅದೃಷ್ಟ. 100 ಕಿಲೋಗಿಂತ ಜಾಸ್ತಿ ಬೆಣ್ಣೆ ಮೆತ್ತುತ್ತಾರೆ, ಮೇಲೆ ದ್ರಾಕ್ಷಿ, ಗೋಡಂಬಿ. ಗರ್ಭಗುಡಿ ಚಿಕ್ಕದು, ಗಣಪ ದೊಡ್ಡವನು. ಹಾಗಾಗಿ ಹತ್ತಿರ ಹೋದಷ್ಟೂ ಪೂರ್ತಿ ಕಾಣುವುದಿಲ್ಲ. ಸ್ವಲ್ಪ ಹಿಂದೆ ಸರಿದು ನಿಂತು ನೋಡಿ.

ಬಸವಣ್ಣನ ಹತ್ತಿರ ಉಲ್ಟಾ. ಅಲ್ಲಿ ಹತ್ತಿರ ಹೋಗಬೇಕು. ಸುಮಾರು 15 ಅಡಿ ಎತ್ತರ, 20 ಅಡಿ ಉದ್ದ, ಒಂದೇ ಕಲ್ಲು, ಕೆಂಪೇಗೌಡರ ಕಾಲದ್ದು, ಅಂದರೆ 16ನೇ ಶತಮಾನ. ಕಲ್ಲಿನ ನಿಜವಾದ ಬಣ್ಣ ಬೂದು. ಎಣ್ಣೆ ಹಚ್ಚಿ ಹಚ್ಚಿ ಕಾಡಿಗೆಯಂತೆ ಕಪ್ಪಾಗಿದೆ. ಮುಂದೆ ನಿಂತು ಕೈಮುಗಿದು ಸೆಲ್ಫಿ ತೆಗೆದುಕೊಂಡು ಹೊರಡುವವರೇ ಜಾಸ್ತಿ. ನೀವು ಹಿಂದೆ ಸುತ್ತು ಬನ್ನಿ. ಬೆನ್ನಿನ ಇಳಿಜಾರು, ಮಡಚಿದ ಕಾಲು, ಕತ್ತಲಲ್ಲಿ ಮಿನುಗುವ ಎಣ್ಣೆ. ಹಿಂದಿನಿಂದ ನೋಡಿದರೆ ನಿಜವಾದ ಹೋರಿ ಈಗಷ್ಟೇ ಮೇಯ್ದು ಬಂದು ಮಲಗಿದಂತೆ ಇದೆ.

ಹಣೆಯ ಮೇಲೆ ಒಂದು ಸಣ್ಣ ಕಬ್ಬಿಣದ ತ್ರಿಶೂಲ ಇದೆ, ಗಮನಿಸಿ. ಅದರ ಕಥೆ ಇಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಈ ಜಾಗಕ್ಕೆ ಆಗ ಸುಂಕೇನಹಳ್ಳಿ ಅಂತ ಹೆಸರು. ಸುತ್ತಲೂ ಕಡಲೆಕಾಯಿ ಹೊಲ. ರಾತ್ರಿ ಒಂದು ಬಸವ ಬಂದು ಬೆಳೆ ತಿಂದು ಹೋಗುತ್ತಿತ್ತು. ಕಾದು ಕೂತ ರೈತ ದೊಣ್ಣೆಯಲ್ಲಿ ಹೊಡೆದ, ಬಸವ ಕಲ್ಲಾಗಿ ಕೂತುಬಿಟ್ಟಿತು. ಕಲ್ಲಾದರೂ ಸುಮ್ಮನಿರಲಿಲ್ಲ, ಬೆಳೆಯುತ್ತಲೇ ಹೋಯಿತು. ಆಮೇಲೆ ತಲೆಯ ಮೇಲೆ ತ್ರಿಶೂಲ ಇಟ್ಟರು, ನಿಂತಿತು. ತಪ್ಪಾಯಿತು ಅಂತ ರೈತರು ಮೊದಲ ಫಸಲು ತಂದು ಒಪ್ಪಿಸಲು ಶುರು ಮಾಡಿದರು. ಅದೇ ಕಡಲೆಕಾಯಿ ಪರಿಷೆ.

ಗುಡಿಯ ಪಕ್ಕದಿಂದಲೇ ಕಹಳೆ ಬಂಡೆ ಪಾರ್ಕಿಗೆ ಹೋಗಬಹುದು. ಎಲ್ಲರ ಬಾಯಲ್ಲೂ ಬ್ಯೂಗಲ್ ರಾಕ್. ಹಿಂದೆ ಕಾವಲುಗಾರರು ಇದರ ಮೇಲೆ ನಿಂತು ಕಹಳೆ ಊದುತ್ತಿದ್ದರಂತೆ. ಬಂಡೆಯಲ್ಲಿ ಅಲ್ಲಲ್ಲಿ ಸಣ್ಣ ಗುಳಿಗಳಿವೆ, ದೀಪಕ್ಕೆ ಎಣ್ಣೆ ತುಂಬಲು ಕೊರೆದದ್ದು ಅನ್ನುತ್ತಾರೆ. ಡಿ.ವಿ. ಗುಂಡಪ್ಪನವರ ಪ್ರತಿಮೆ ಇಲ್ಲೇ ಇದೆ. ಮರದಲ್ಲಿ ತಲೆಕೆಳಗಾಗಿ ನೇತಾಡುವ ಕಪ್ಪು ಚೀಲಗಳಂಥವು ಬಾವಲಿ. ಅವುಗಳ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳಬೇಡಿ, ಯಾಕೆ ಅಂತ ಕೇಳಬೇಡಿ.

ಪರಿಷೆಗೆ ಬರುವವರಿಗೆ ಎರಡು ಮಾತು

ಕಾರ್ತಿಕ ಮಾಸದ ಕೊನೆಯ ಸೋಮವಾರ ಪರಿಷೆ. ನವೆಂಬರ್ ಅಥವಾ ಡಿಸೆಂಬರ್. ಈಗೀಗ ಹಿಂದೆ ಮುಂದೆ ಸೇರಿ ಹಲವು ದಿನ ನಡೆಯುತ್ತದೆ. ಬುಲ್ ಟೆಂಪಲ್ ರಸ್ತೆಯಲ್ಲಿ ವಾಹನ ಬಿಡುವುದಿಲ್ಲ. ನಾನು ಮೇಲೆ ಹೇಳಿದ ಬುಧವಾರದ ಲೆಕ್ಕ ಆಗ ನಡೆಯುವುದಿಲ್ಲ, ಯಾವ ದಿನ ಬಂದರೂ ಜಾತ್ರೆಯೇ. ಸೋಮವಾರ ಸಂಜೆ ಕಾಲಿಡಲು ಜಾಗ ಇರುವುದಿಲ್ಲ, ಹಾಗಾಗಿ ಹಿಂದಿನ ದಿನ ಬೆಳಿಗ್ಗೆ ಬನ್ನಿ. ಮೂಟೆ ಬಿಚ್ಚುತ್ತಾ ಇರುತ್ತಾರೆ, ವ್ಯಾಪಾರಿಗಳಿಗೆ ಮಾತಾಡಲು ಪುರುಸೊತ್ತು ಇರುತ್ತದೆ, ಹಸಿ ಕಾಯಿಯ ಮಣ್ಣಿನ ವಾಸನೆ ರಸ್ತೆ ತುಂಬಾ ಇರುತ್ತದೆ.

ಮೊದಲ ಅಂಗಡಿಯಲ್ಲೇ ಕೊಳ್ಳಬೇಡಿ. ಒಂದು ಸುತ್ತು ಪೂರ್ತಿ ಹೋಗಿ, ಅಲ್ಲಲ್ಲಿ ಎರಡೆರಡು ಕಾಯಿ ಒಡೆದು ತಿಂದು ನೋಡಿ, ಯಾರೂ ಬೇಡ ಅನ್ನುವುದಿಲ್ಲ. ಹಸಿ, ಹುರಿದದ್ದು, ಬೇಯಿಸಿದ್ದು ಮೂರೂ ಸಿಗುತ್ತದೆ. ಬೇಯಿಸಿದ್ದನ್ನು ಅಲ್ಲೇ ತಿಂದು ಮುಗಿಸಿ, ಮನೆಗೆ ಕಟ್ಟಿಸಿಕೊಂಡರೆ ಮರುದಿನಕ್ಕೆ ಹಳಸುತ್ತದೆ. ಸೇರಿನ ಲೆಕ್ಕದಲ್ಲಿ ಅಳೆಯುವವರ ಹತ್ತಿರ ಸೇರು ತುಂಬಿದ ಮೇಲೆ "ಕೊಸರು ಹಾಕಪ್ಪ" ಅನ್ನಿ. ಒಂದು ಹಿಡಿ ಜಾಸ್ತಿ ಬೀಳುತ್ತದೆ. ಚೌಕಾಸಿ ಮಾಡುವುದಕ್ಕಿಂತ ಕೊಸರು ಕೇಳುವುದು ಮರ್ಯಾದೆ, ಅವರಿಗೂ ಖುಷಿ. ಬತ್ತಾಸು, ಕಲ್ಯಾಣಸೇವೆ, ಕಡ್ಲೆಪುರಿ ಎಲ್ಲಾ ಇರುತ್ತದೆ. ಒಂದು ಬಟ್ಟೆ ಚೀಲ ತನ್ನಿ. ಇನ್ನೊಂದು ಖಾಲಿ ಕವರ್ ಕೂಡ ತನ್ನಿ, ಸಿಪ್ಪೆಗೆ.

ಬೀದಿಗಳು

ಈಗ ಗಾಂಧಿ ಬಜಾರಿನ ಕಡೆ ಹೊರಡಿ, ಆದರೆ ಮುಖ್ಯರಸ್ತೆ ಹಿಡಿಯಬೇಡಿ. ಅಡ್ಡರಸ್ತೆಗಳಲ್ಲಿ ಹೋಗಿ.

ಬಸವನಗುಡಿಯ ರಸ್ತೆಗಳು ಯಾಕೆ ಇಷ್ಟು ನೇರ, ಇಷ್ಟು ಅಗಲ ಅಂತ ಯಾರಾದರೂ ಕೇಳಿದರೆ ಉತ್ತರ ಒಂದೇ ಪದ: ಪ್ಲೇಗು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನ ಗಲ್ಲಿಗಳಲ್ಲಿ ಇಲಿ ಸತ್ತು ಬೀಳುತ್ತಿದ್ದಂತೆ ಜನ ಮನೆ ಬಿಟ್ಟು ಓಡಿದರು. ಗಾಳಿ ಬೆಳಕು ಇರುವ ಹೊಸ ಬಡಾವಣೆ ಬೇಕು ಅನ್ನಿಸಿದ್ದು ಆಗ. ಉತ್ತರಕ್ಕೆ ಮಲ್ಲೇಶ್ವರ, ದಕ್ಷಿಣಕ್ಕೆ ಬಸವನಗುಡಿ. ಮನೆ ಮನೆಗೂ ನಡುವೆ ಜಾಗ, ಮುಂದೆ ಅಂಗಳ. ಮನೆಗಳ ಹಿಂದೆ ಒಂದು ಕಿರಿದಾದ ಸಂದಿ, ಕನ್ಸರ್ವೆನ್ಸಿ ಲೇನ್. ಆಗ ಕಕ್ಕಸು ಮನೆಯ ಹಿಂದಿರುತ್ತಿತ್ತು, ಮಲ ಹೊರುವವರು ಮುಂದಿನ ಬೀದಿಗೆ ಬರದೆ ಆ ಸಂದಿಯಲ್ಲೇ ಬಂದು ಹೋಗಬೇಕಿತ್ತು. ಈಗ ಅಲ್ಲಿ ಸ್ಕೂಟರು ನಿಲ್ಲಿಸಿರುತ್ತಾರೆ. ಚಂದದ ಬಡಾವಣೆ ಅಂತ ನಾವು ಹೊಗಳುವಾಗ ಆ ಸಂದಿಯೂ ನೆನಪಿರಬೇಕು ಅಂತ ನನಗನ್ನಿಸುತ್ತದೆ. ಹುಡುಕಿದರೆ ಇನ್ನೂ ಸಿಗುತ್ತವೆ.

ಹಳೆಯ ಮನೆಗಳು ವರ್ಷ ವರ್ಷ ಕಮ್ಮಿಯಾಗುತ್ತಿವೆ. ಸರ್ವೇಯರ್ ಸ್ಟ್ರೀಟ್, ಎಚ್.ಬಿ. ಸಮಾಜ ರಸ್ತೆ, ಈಸ್ಟ್ ಆಂಜನೇಯ ಟೆಂಪಲ್ ಸ್ಟ್ರೀಟ್ ಕಡೆ ಕಣ್ಣಾಡಿಸುತ್ತಾ ನಡೆದರೆ ಒಂದಲ್ಲ ಒಂದು ಕಣ್ಣಿಗೆ ಬೀಳುತ್ತದೆ. ಗುರುತು ಹೇಳುತ್ತೇನೆ. ಮಂಗಳೂರು ಹೆಂಚು, ಕಿಟಕಿಯ ಮೇಲೆ ಚೂಪಾದ ಮರದ ಚಾಚು (ಇದಕ್ಕೆ ಮಂಕಿ ಟಾಪ್ ಅನ್ನುತ್ತಾರೆ), ಮುಂದೆ ಜಗಲಿ, ಕೆಂಪು ರೆಡ್ ಆಕ್ಸೈಡ್ ನೆಲ, ಕಾಂಪೌಂಡಿನಲ್ಲಿ ಪಾರಿಜಾತವೋ ಸಂಪಿಗೆಯೋ. ಅದರ ಎರಡೂ ಪಕ್ಕ ನಾಲ್ಕು ಮಹಡಿಯ ಅಪಾರ್ಟ್‌ಮೆಂಟು. ಗೇಟಿನ ಹೊರಗಿನಿಂದ ನೋಡಿ, ಸಾಕು. ಜನ ವಾಸ ಇರುವ ಮನೆ ಅದು, ಮ್ಯೂಸಿಯಂ ಅಲ್ಲ. ಫೋಟೋ ಬೇಕಾದರೆ ಕೇಳಿ ತೆಗೆಯಿರಿ. ಒಮ್ಮೆ ನಾನು ಹೀಗೆ ನಿಂತು ನೋಡುತ್ತಿದ್ದಾಗ ಒಬ್ಬ ಅಜ್ಜಿ ಜಗಲಿಯಿಂದ "ಮನೆ ಮಾರಲ್ಲಪ್ಪ, ಹೋಗು" ಅಂದರು. ಬ್ರೋಕರ್ ಅಂದುಕೊಂಡಿದ್ದರು.

ಹೂವಿನ ಲೆಕ್ಕ

ಗಾಂಧಿ ಬಜಾರಿಗೆ ಬಂದಿರಿ. ಕೆಲವು ವರ್ಷದ ಹಿಂದೆ ಇಡೀ ರಸ್ತೆ ಅಗೆದು ಹೊಸದಾಗಿ ಮಾಡಿದರು. ಕೆಲಸ ನಡೆಯುವಾಗ ನಾವೆಲ್ಲ ಬೈದುಕೊಂಡೇ ಓಡಾಡಿದೆವು. ಈಗ ನಡೆಯಲು ಜಾಗ ಇದೆ, ಒಪ್ಪಿಕೊಳ್ಳಬೇಕು.

ಮೊದಲು ಮೂಗಿಗೆ ಬಡಿಯುವುದು ಹೂವು. ದುಂಡುಮಲ್ಲಿಗೆ, ಕಾಕಡ, ಕನಕಾಂಬರ, ಸೇವಂತಿಗೆ. ಕಟ್ಟಿದ ಹೂವನ್ನು ಮೊಳದ ಲೆಕ್ಕದಲ್ಲಿ ಕೊಡುತ್ತಾರೆ. ಮೊಳ ಅಂದರೆ ಮೊಣಕೈಯಿಂದ ಬೆರಳ ತುದಿಯವರೆಗೆ, ಮಾರುವವರ ಕೈ. ಹಾಗಾಗಿ ನಮ್ಮಮ್ಮ ಹೇಳಿಕೊಟ್ಟ ಉಪಾಯ: ಕೈ ಉದ್ದ ಇರುವವರನ್ನು ಹುಡುಕಿ ಅವರ ಹತ್ತಿರ ಕೊಳ್ಳಬೇಕು. ನಾನು ಯಾವಾಗಲೂ ಕೊಳ್ಳುವ ಹೂವಿನಮ್ಮನ ಕೈ ಗಿಡ್ಡ. ಆದರೆ ಅವರು ಅಳೆಯುವಾಗ ಹೂವನ್ನು ಎಳೆದು ಹಿಡಿಯುವುದಿಲ್ಲ, ಸಡಿಲ ಬಿಟ್ಟು ಅಳೆಯುತ್ತಾರೆ, ಕೊನೆಯಲ್ಲಿ ನಾಲ್ಕು ಬೆರಳು ಜಾಸ್ತಿ ಬಿಟ್ಟು ಬಾಳೆನಾರು ಕಿತ್ತು ಎಲೆಯಲ್ಲಿ ಸುತ್ತಿ ಕೊಡುತ್ತಾರೆ. ಬಾಯಲ್ಲಿ ಮಾತು ನಡೆಯುತ್ತಲೇ ಇರುತ್ತದೆ, ಕೈ ಹೂವು ಪೋಣಿಸುತ್ತಲೇ ಇರುತ್ತದೆ. ಕೈಯನ್ನು ಒಮ್ಮೆಯೂ ನೋಡಿಕೊಳ್ಳುವುದಿಲ್ಲ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಮಾತ್ರ ಕನಕಾಂಬರದ ರೇಟು ಕೇಳಬೇಡಿ. ಆ ದಿನ ಹೂವಿನಮ್ಮನೂ "ನಾನೇ ಮುಡಿಯಲ್ಲ ಕಣಪ್ಪ" ಅನ್ನುತ್ತಾರೆ.

ಪಕ್ಕದಲ್ಲೇ ಬಾಳೆಲೆ, ವೀಳ್ಯದೆಲೆ, ಮಾವಿನ ಸೊಪ್ಪು, ಅರಿಶಿನ ಕುಂಕುಮ ಮಾರುವ ಗ್ರಂಧಿಗೆ ಅಂಗಡಿ. ಹಪ್ಪಳ, ಸಂಡಿಗೆ, ಕೋಡುಬಳೆ ಬೇಕಾದರೆ ಸುಬ್ಬಮ್ಮನ ಅಂಗಡಿ, 1948ರಿಂದ ಇದೆ. ಪಕ್ಕದ ಡಿ.ವಿ.ಜಿ. ರಸ್ತೆಗೆ ಮೊದಲು ನಾಗಸಂದ್ರ ರಸ್ತೆ ಅಂತ ಹೆಸರು, ಸೀರೆ, ಪಾತ್ರೆ, ಚಿನ್ನ ಎಲ್ಲಾ ಅಲ್ಲಿ. ಶಾಪಿಂಗ್ ಬಗ್ಗೆ ನನ್ನನ್ನು ಕೇಳಬೇಡಿ, ನಾನು ಹೊರಗೆ ಚೀಲ ಹಿಡಿದು ನಿಲ್ಲುವ ಪೈಕಿ.

ದೋಸೆ

ವಿದ್ಯಾರ್ಥಿ ಭವನ 1943ರಲ್ಲಿ ಶುರುವಾದದ್ದು. ಬೆಳಿಗ್ಗೆ ಹೋಗುವುದಾದರೆ 11 ಗಂಟೆಯೊಳಗೆ ಹೋಗಿ, ಮಧ್ಯಾಹ್ನ ಮುಚ್ಚಿ ಆಮೇಲೆ ತೆರೆಯುತ್ತಾರೆ. ಹೆಸರು ಬರೆಸಿ ಕಾಯಿರಿ. ಮಸಾಲೆ ದೋಸೆ ದಪ್ಪ, ಹೊರಗೆ ಗರಿಗರಿ, ಒಳಗೆ ಮೆತ್ತಗೆ, ಕೆಂಪಗೆ ಸುಟ್ಟದ್ದು. ಇಲ್ಲೂ ಸಾಂಬಾರ್ ಇಲ್ಲ, ಚಟ್ನಿ ಬಕೆಟ್ ಹಿಡಿದುಕೊಂಡು ಬಂದು ಸುರಿಯುತ್ತಾರೆ. ಸಪ್ಲೈಯರ್ ಒಂದೇ ಕೈಯಲ್ಲಿ ಭುಜದವರೆಗೆ ತಟ್ಟೆ ಜೋಡಿಸಿಕೊಂಡು ಬರುವುದನ್ನು ನೋಡಲು ಅಡುಗೆಮನೆಯ ಬಾಗಿಲು ಕಾಣುವ ಕಡೆ ಕೂರಿ. ಗೋಡೆಯ ಮೇಲೆ ಕನ್ನಡ ಸಾಹಿತಿಗಳ ರೇಖಾಚಿತ್ರಗಳಿವೆ. ನನ್ನನ್ನು ಕೇಳಿದರೆ ಎರಡು ದೋಸೆಗೆ ಆಸೆ ಪಡಬೇಡಿ. ಬೆಳಗಿನ ಇಡ್ಲಿ ಆಗಲೇ ಹೊಟ್ಟೆಯಲ್ಲಿದೆ, ಮೇಲೆ ಎಣ್ಣೆ ಜಾಸ್ತಿ. ಮನೆಯವರ ಜೊತೆ ಹೋದರೆ ಕಾಫಿ ಬೈ-ಟು ಹೇಳಿ.

ಕ್ಯೂ ಉದ್ದ ಇದ್ದರೆ ಹಠ ಹಿಡಿಯಬೇಡಿ. ಈ ಬೀದಿಗಳಲ್ಲಿ ಕೆಟ್ಟ ದೋಸೆ ಸಿಗುವುದೇ ಅಪರೂಪ.

ಸಂಜೆ ಉಳಿಯುವ ಯೋಚನೆ ಇದ್ದರೆ ಬಿ.ಪಿ. ವಾಡಿಯಾ ರಸ್ತೆಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್‌ನಲ್ಲಿ ಏನು ಕಾರ್ಯಕ್ರಮ ಅಂತ ವಿಚಾರಿಸಿ. 1945ರ ಸಂಸ್ಥೆ, ಉಪನ್ಯಾಸ, ನೃತ್ಯ, ಸಂಗೀತ ಏನಾದರೂ ಇರುತ್ತದೆ, ಲೈಬ್ರರಿಯೂ ಇದೆ. ಕೆ.ಆರ್. ರಸ್ತೆಯ ಗಾಯನ ಸಮಾಜ ಇನ್ನೂ ಹಳೆಯದು, 1905ರದ್ದು. ಕಛೇರಿ ಇದ್ದರೆ ಹಿಂದಿನ ಸಾಲಿನಲ್ಲಿ ಕೂತು ಕೇಳಿ, ಎದ್ದು ಬರಬೇಕಾದಾಗ ಸುಲಭ.

ಎರಡೂ ಬೇಡ ಅಂದರೆ ಮತ್ತೆ ಕಹಳೆ ಬಂಡೆಗೆ ಹೋಗಿ. ಎರಡನೇ ಸಲ ಬಂದಾಗ ಅತ್ತಿಗೆಯನ್ನು ನಾನು ಕರೆದುಕೊಂಡು ಹೋದದ್ದು ಅಲ್ಲಿಗೇ. ಸುಮಾರು ಆರು ಗಂಟೆ. ರಿಟೈರ್ ಆದವರ ಗುಂಪೊಂದು ಪೆನ್ಷನ್ ವಿಷಯಕ್ಕೆ ಜೋರಾಗಿ ಮಾತಾಡುತ್ತಿತ್ತು, ನಮ್ಮನ್ನು ನೋಡಿ ಒಬ್ಬರು ಪಂಚೆ ಎಳೆದುಕೊಂಡು ಸರಿದು ಜಾಗ ಮಾಡಿದರು. ಬಿಸಿಲು ಹೋಗಿದ್ದರೂ ಕಲ್ಲು ಇನ್ನೂ ಬೆಚ್ಚಗಿತ್ತು. ಮಕ್ಕಳು ಗುಳಿಗಳಲ್ಲಿ ಒಣಗಿದ ಎಲೆ ತುಂಬಿಸಿ ದೀಪ ಅಂತ ಆಡುತ್ತಿದ್ದರು. ಬಾವಲಿಗಳು ಒಂದೊಂದಾಗಿ ಬಿಡಿಸಿಕೊಂಡು ಹಾರಲು ಶುರುವಾದವು. ರಾತ್ರಿ ರೈಲು ಇತ್ತು, ಮೆಜೆಸ್ಟಿಕ್‌ಗೆ ಹೋಗಬೇಕು, ನಾನು ಎರಡು ಸಲ ವಾಚು ನೋಡಿಕೊಂಡೆ. ಅತ್ತಿಗೆ ಮಡಿಲಲ್ಲಿ ಹೂವಿನ ಪೊಟ್ಟಣ ಇಟ್ಟುಕೊಂಡು, ಚಪ್ಪಲಿ ಪಕ್ಕಕ್ಕೆ ಬಿಟ್ಟು, ಕಾಲು ಚಾಚಿ ಕೂತಿದ್ದವರು ತಿರುಗಿಯೂ ನೋಡಲಿಲ್ಲ.

"ರೈಲಿಗೆ ಇನ್ನೂ ಟೈಮ್ ಐತಿ. ಕೂಡಪಾ ಸುಮ್ನ."